ಅಗರದ ಕೆರೆಯನ್ನು ಕಟ್ಟಿಸಿದವರು ಯಾರು?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಬೆಂಗಳೂರಿನ ಆಗ್ನೇಯ ಭಾಗಕ್ಕೆ ಸೇರಿದವು. ಅಗರ, ಮಡಿವಾಳ, ಕೋರಮಂಗಲ ಮತ್ತು ಬೆಳ್ಳಂದೂರು ಇಂದು ಬೇರೆ ಬೇರೆ ಪಿನ್‌ಕೋಡ್‌ಗಳಾಗಿದ್ದರೂ ಒಂದೇ ಕಣಿವೆಯ ಊರುಗಳಾದ್ದರಿಂದ ಆ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಎಚ್‌.ಎಸ್‌.ಆರ್. ಬಡಾವಣೆಯಲ್ಲಿ ನೆಲೆಸಿರುವ ನಾವು ಕೆಲವರು ಅಗರ ಕೆರೆಯ ಏರಿಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಹೋಗುತ್ತೇವೆ. ಈ ಕೆರೆಯನ್ನು ಕೆಂಪೇಗೌಡರು ಕಟ್ಟಿಸಿದರೆಂದು ಒಬ್ಬರು ಹೇಳಿದರೆ, ಬಡಾವಣೆಯ ಅಂದಕ್ಕಾಗಿ ಬಿಡಿಎ ತೋಡಿಸಿದ್ದೆಂದು ಇನ್ನೊಬ್ಬರು ಹೇಳುತ್ತಾರೆ. ನಿಜ ಯಾವುದು? (ಎಚ್‌.ಎಸ್‌.ಆರ್. ಬಡಾವಣೆಯ ಓದುಗರು)

ಉತ್ತರ: ಎರಡೂ ಅಲ್ಲ. ಅಗರದಲ್ಲಿ ದೊರೆತಿರುವ, ಸುಮಾರು ಕ್ರಿ.ಶ. 870ರ ಕಾಲದ ಕನ್ನಡ ಶಾಸನವೊಂದು ಈ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡುತ್ತದೆ. ತಲಕಾಡಿನ ಗಂಗರು ಆಳುತ್ತಿದ್ದ, ಅವರ ಕೈಕೆಳಗೆ ನಾಗತ್ತರನೆಂಬ ಅಧಿಕಾರಿ ಬೇಗೂರಿನ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ಕಾಲವದು. ಇರ್ವುಲಿಯೂರ ಒಡೆಯನ ಮಗನಾದ ಇರುಗಮಯ್ಯನೆಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ದಿಕ್ಕಿನಲ್ಲಿ ಹೊಸ ಕೆರೆಯೊಂದನ್ನು ಕಟ್ಟಿಸಿ, ಆ ಮೂರೂ ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂಬುದು ಶಾಸನದ ಸಾರಾಂಶ. ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ಕಟ್ಟಿದ ವರ್ಷವೆಂದು ನಾವು ಒಪ್ಪಿಕೊಂಡು ಬಂದಿರುವ 1537ಕ್ಕೂ ಈ ಶಾಸನಕ್ಕೂ ನಡುವೆ ಆರೂವರೆ ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಇದನ್ನು ಹೇಳುವುದರಿಂದ ಕೆಂಪೇಗೌಡರ ಹಿರಿಮೆಗೆ ಯಾವ ಕುಂದೂ ಬರುವುದಿಲ್ಲ. ಅವರೂ ಅವರ ವಂಶದವರೂ ಕಟ್ಟಿಸಿದ ಕೆರೆಗಳು ಬೇರೆಯೇ ಇವೆ. ಆದರೆ ಬೆಂಗಳೂರಿನ ಪ್ರತಿಯೊಂದು ಕೆರೆಯನ್ನೂ ಅವರ ಹೆಸರಿಗೇ ಬರೆದುಬಿಟ್ಟರೆ, ಅವರಿಗಿಂತ ಎಷ್ಟೋ ತಲೆಮಾರು ಹಿಂದೆ ಇದೇ ನೆಲದಲ್ಲಿ ಮಣ್ಣು ಹೊತ್ತು ಏರಿ ಕಟ್ಟಿದ ಊರಿನವರನ್ನು ಮರೆತಂತಾಗುತ್ತದೆ.

ಶಾಸನದಲ್ಲಿ ನನ್ನ ಗಮನವನ್ನು ಹೆಚ್ಚು ಹಿಡಿದಿಟ್ಟಿರುವುದು ಕಟ್ಟಿಸಿದವನ ಹೆಸರಿಗಿಂತ ಅವನು ಮಾಡಿದ ಕೆಲಸಗಳ ಪಟ್ಟಿ. ಎರಡು ಕೆರೆಗಳಿಗೆ ತೂಬು ಇಡಿಸಿದ ಎಂದ ಮೇಲೆ, ಆ ಎರಡು ಕೆರೆಗಳು ಅವನಿಗಿಂತ ಮೊದಲೇ ಅಲ್ಲಿದ್ದವೆಂದು ಸಹಜವಾಗಿಯೇ ತಿಳಿಯುತ್ತದೆ. ಅಂದರೆ ಒಂಬತ್ತನೆಯ ಶತಮಾನದ ಅಗರ ಹೊಸದಾಗಿ ಕೆರೆ ಕಾಣುತ್ತಿದ್ದ ಹಳ್ಳಿಯಲ್ಲ. ಇದ್ದ ಕೆರೆಗಳ ನೀರನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಲು ಹಣ, ಆಳು ಮತ್ತು ಅಧಿಕಾರವನ್ನು ತೊಡಗಿಸುತ್ತಿದ್ದ, ಆಗಲೇ ಬಲಿತ ಬೇಸಾಯದ ಊರು.

ತೂಬು ಎಂದರೆ ಬರಿಯ ತೂತಲ್ಲ. ಏರಿಯ ಒಳಮೈಯಲ್ಲಿ, ನೀರು ನಿಲ್ಲುವ ಕಡೆ, ಎರಡು ಎತ್ತರದ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ನಡುವೆ ಒಂದರ ಮೇಲೊಂದರಂತೆ ಅಡ್ಡಗಲ್ಲುಗಳನ್ನು ಕೂರಿಸಿರುತ್ತಾರೆ. ಪ್ರತಿ ಅಡ್ಡಗಲ್ಲಿಗೂ ನಡುವೆ ರಂಧ್ರವಿದ್ದು, ಅದರೊಳಗಿಂದ ಇಳಿದ ಉದ್ದನೆಯ ಗಳುವಿನ ತುದಿಯಲ್ಲಿರುವ ಬೆಣೆ, ತಳದ ಚಪ್ಪಡಿಯ ಕಿಂಡಿಯನ್ನು ಮುಚ್ಚಿಕೊಂಡಿರುತ್ತದೆ. ಗಳುವನ್ನು ಮೇಲೆತ್ತಿದಾಗ ನೀರು ಏರಿಯ ಅಡಿಯಲ್ಲಿ ಹಾಯ್ದಿರುವ ಕಲ್ಲಿನ ಕಾಲುವೆಯ ಮೂಲಕ ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತದೆ. ಅದನ್ನು ಯಾವಾಗ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಮೊದಲು ಯಾರ ಗದ್ದೆಗೆ ಎಂಬುದೆಲ್ಲ ನೀರುಗಂಟಿಯ ಹೊಣೆ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಮಳೆ ಹೆಚ್ಚಾಗಿ ಕೆರೆ ತುಂಬಿದಾಗ ಉಳಿದ ನೀರು ಕೋಡಿ ಬಿದ್ದು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹರಿಯುತ್ತಿತ್ತು. ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ, ಇದು ಆ ನೀರಿನ ಹಾದಿ. ಬೆಂಗಳೂರು ಎರಡು ನದಿಗಳ ಜಲಾನಯನದ ನಡುವಣ ದಿಣ್ಣೆಯ ಮೇಲಿರುವ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರಿದರೆ, ಅಗರದ ಕಡೆಯ ಮಳೆ ಹೊಸೂರಿನತ್ತ ಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆಯೊಂದು ಹತ್ತಿರದಲ್ಲಿಲ್ಲದ ಇಂತಹ ಎತ್ತರದ ಸೀಮೆಯಲ್ಲಿ ಊರು ನಿಂತು ಬಾಳಬೇಕಾದರೆ ಕೆರೆ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಇನ್ನು ಬಿತ್ತುವಟ್ಟ. ಕೆರೆ ಕಟ್ಟಿಸಿದವನಿಗೆ, ಇಲ್ಲವೆ ಅದನ್ನು ನೋಡಿಕೊಳ್ಳುವವನಿಗೆ, ಆ ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಅದರ ಹುಟ್ಟುವಳಿಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲು ಅದು. ಹತ್ತರಲ್ಲೊಂದು ಪಾಲಿನ ದಶವಂದ, ಕೆರೆಯ ಕೆಲಸಕ್ಕೆಂದೇ ಬಿಡುತ್ತಿದ್ದ ಕಟ್ಟುಕೊಡಗೆ ಮುಂತಾದ ಏರ್ಪಾಡುಗಳೂ ಕರ್ನಾಟಕದ ಶಾಸನಗಳಲ್ಲಿ ತುಂಬ ಕಾಣಸಿಗುತ್ತವೆ. ಇವುಗಳ ಹಿಂದಿನ ಲೆಕ್ಕಾಚಾರ ಸ್ಪಷ್ಟವಾಗಿದೆ: ಕೆರೆಯಲ್ಲಿ ನೀರು ನಿಂತರೆ ಮಾತ್ರ ಗದ್ದೆಯಲ್ಲಿ ಬೆಳೆ, ಬೆಳೆ ಬಂದರೆ ಮಾತ್ರ ಅವನ ಪಾಲು, ಆದ್ದರಿಂದ ಏರಿ ಬಿರುಕು ಬಿಡದಂತೆ, ಹೂಳು ತುಂಬದಂತೆ ನೋಡಿಕೊಳ್ಳುವುದು ಅವನ ಸ್ವಂತ ಹಿತವೂ ಹೌದು. ಕೆರೆಯೆಂಬುದು ಒಮ್ಮೆ ಕಟ್ಟಿ ಬಿಟ್ಟುಹೋಗುವ ವಸ್ತುವಲ್ಲವೆಂಬುದನ್ನು ಆ ಜನ ಚೆನ್ನಾಗಿ ಬಲ್ಲವರಾಗಿದ್ದರು. ಅಗರದ ಚರಿತ್ರೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವುದು ಇದನ್ನೇ.

ನೀವು ಇಂದು ನಡೆಯುವ ಏರಿಯೇ ಇರುಗಮಯ್ಯನ ಏರಿಯೆಂದು ಬೆರಳಿಟ್ಟು ತೋರಿಸುವುದು ಬೇಡ. ಸಾವಿರ ವರ್ಷಗಳಲ್ಲಿ ಏರಿ ಒಡೆದಿರುತ್ತದೆ, ಎತ್ತರಿಸಲ್ಪಟ್ಟಿರುತ್ತದೆ, ತೂಬು ಬದಲಾಗಿರುತ್ತದೆ. ಸುಮಾರು 98 ಎಕರೆಯ ಇಂದಿನ ಕೆರೆಯನ್ನು ಆ ಪರಂಪರೆಯ ವಾರಸುದಾರನೆಂದು ಹೇಳಿದರೆ ತಪ್ಪಾಗುವುದಿಲ್ಲ. ಅದನ್ನು ಬಿಡಿಎ ತೋಡಿಸಿದ್ದೆಂಬ ಮಾತಿಗಂತೂ ಆಧಾರವೇ ಇಲ್ಲ. ಆ ಸಂಸ್ಥೆ ಹುಟ್ಟಿದ್ದೇ 1976ರಲ್ಲಿ.

ಪ್ರಶ್ನೆ: ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯ ಮೇಲೆ ತಮಿಳು ಅಕ್ಷರಗಳಿವೆ. ನಮ್ಮ ಊರಿನ ಗುಡಿಯಲ್ಲಿ ಅವು ಹೇಗೆ ಬಂದವು? ಕೆರೆಗಳಿಗೂ ಅವಕ್ಕೂ ಏನಾದರೂ ಸಂಬಂಧವಿದೆಯೇ? (ಮಡಿವಾಳದ ಓದುಗರು)

ಉತ್ತರ: ಸಂಬಂಧವಿದೆ, ಅದೂ ಬಹಳ ಹತ್ತಿರದ್ದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದುಕೊಂಡರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದು ಚೋಳರನ್ನು ಹಿಂದಟ್ಟಿದ ಮೇಲೆಯೂ ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ದಾನಪತ್ರಗಳನ್ನು ತಮಿಳಿನಲ್ಲಿ ಕೆತ್ತಿಸುವ ರೂಢಿ ಬಹುಕಾಲ ಮುಂದುವರಿಯಿತು. ಮಡಿವಾಳದ ಗೋಡೆಯ ಮೇಲಿನ ಬರಹಗಳಲ್ಲಿ ಹಳೆಯದು 1247ನೇ ಇಸವಿಯದು. ಅಂದಿನ ವೇಪ್ಪೂರಿನ, ಅಂದರೆ ಇಂದಿನ ಬೇಗೂರಿನ ನಿವಾಸಿ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳನ ಕಾಲದ ಬರಹವೂ ಅಲ್ಲಿದ್ದು, ತಾವರೆಕೆರೆಯ ಬಳಿಯ ಭೂದಾನದ ಪ್ರಸ್ತಾಪವೂ ಗೋಡೆಯ ಮೇಲಿದೆ. ಇಂದು ಬಿ.ಟಿ.ಎಂ. ಬಡಾವಣೆಯ ಪಕ್ಕದಲ್ಲಿ ಬಸ್ಸಿನ ಬೋರ್ಡಿನ ಮೇಲೆ ಓದುವ ಹೆಸರೇ ಅದು.

ಇಲ್ಲಿ ಗಮನಿಸಬೇಕಾದದ್ದು, ದತ್ತಿಯ ಭೂಮಿಯನ್ನು ಗುರುತಿಸುವಾಗ ಆ ಜನ ಕೆರೆಯನ್ನೇ ಗುರುತಾಗಿ ಇಟ್ಟುಕೊಂಡಿರುವ ರೀತಿ. ನೆಲದ ಬೆಲೆ ನಿಂತಿದ್ದುದು ಅದು ಯಾವ ಕೆರೆಯ ಕೆಳಗಿದೆ ಎಂಬುದರ ಮೇಲೆ. ಈ ಅಕ್ಷರಗಳನ್ನು ಇಂದಿನ ಭಾಷಾ ಜಗಳದ ಕಣ್ಣಿನಿಂದ ನೋಡಬಾರದೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಕನ್ನಡ ವೀರಗಲ್ಲು, ನಾಗತ್ತರನ ಮನೆಯ ಆಳಾದ ಬುಟ್ಟನಶೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಮಡಿದುದನ್ನು ಹೇಳಿ, ನಮ್ಮ ಊರಿನ ಹೆಸರನ್ನು ಕಲ್ಲಿನ ಮೇಲೆ ಉಳಿಸಿದೆ. ಮಡಿವಾಳದ ತಮಿಳು ಬರಹ ಅದೇ ಸೀಮೆಯ ಕೆರೆ ಮತ್ತು ಗದ್ದೆಗಳ ವಿವರವನ್ನು ಉಳಿಸಿದೆ. ಎರಡೂ ನಮ್ಮವೇ. ಗೋಡೆಗೆ ಪೈಂಟ್ ಬಳಿಯುವಾಗ, ಟೈಲ್ಸ್ ಹಾಕಿಸುವಾಗ ಅಕ್ಷರಗಳಿರುವ ಕಲ್ಲನ್ನು ಬಿಟ್ಟು ಕೆಲಸ ಮಾಡುವಂತೆ ಊರಿನವರು ನೋಡಿಕೊಂಡರೆ ಅಷ್ಟೇ ಸಾಕು.

ಪ್ರಶ್ನೆ: ಯುದ್ಧದ ಕಾಲದಲ್ಲಿ ಬೆಳ್ಳಂದೂರು ಕೆರೆಯ ನೀರಿನ ಮೇಲೆ ವಿಮಾನಗಳು ಇಳಿಯುತ್ತಿದ್ದವೆಂದು ನಮ್ಮ ತಾತ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. (ಬೆಳ್ಳಂದೂರಿನ ಓದುಗರು)

ಉತ್ತರ: ನಿಮ್ಮ ತಾತನವರ ಮಾತು ನಿಜ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಸೇನಾ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಕೆಟಲೀನಾ ಎಂಬ, ನೀರಿನ ಮೇಲೂ ಇಳಿಯಬಲ್ಲ ವಿಮಾನಗಳು ಅಲ್ಲಿಗೆ ಬರುತ್ತಿದ್ದಾಗ ಹತ್ತಿರದ ಬೆಳ್ಳಂದೂರು ಕೆರೆಯೇ ಅವಕ್ಕೆ ಇಳಿದಾಣವಾಯಿತು. ಅಂದು ಇಲ್ಲಿದ್ದ ಅಮೆರಿಕದ ಸೈನಿಕರು ತೆಗೆದ ಚಿತ್ರಗಳೂ ಉಳಿದಿವೆ. ಸುಮಾರು 900 ಎಕರೆಯ ಆ ಕೆರೆಯಲ್ಲಿ ಅಷ್ಟು ಆಳವಾದ, ತೆರವಾದ ನೀರಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಂತಹ ನೆನಪುಗಳನ್ನು ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಗದ್ದೆ ತೋಟಗಳಿದ್ದ ಈ ಊರುಗಳು ಇಷ್ಟು ಬೇಗ ಬಡಾವಣೆಗಳಾದದ್ದು ಹೇಗೆ? ಕೆರೆ ಉಳಿದುಕೊಂಡಿದ್ದರೂ ಮಳೆ ಬಂದರೆ ನಮ್ಮ ರಸ್ತೆ ಏಕೆ ಮುಳುಗುತ್ತದೆ? (ಕೋರಮಂಗಲದ ಓದುಗರು)

ಉತ್ತರ: ಬೇಗ ಆದಂತೆ ಕಂಡರೂ ಅದರ ಬೀಜ ನೂರು ವರ್ಷಕ್ಕೂ ಹಿಂದಿನದು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರು 1866ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಯೊಂದಕ್ಕೆ ಜಾಗ ಹುಡುಕುವುದಕ್ಕೂ ಜಾಣ್ಮೆ ಬೇಕೆಂಬ ಅರ್ಥದ ಮಾತನ್ನು ಬರೆದಿದ್ದರು. ಅಷ್ಟು ದಟ್ಟವಾಗಿ ಕೆರೆಗಳ ಸರಣಿ ಹರಡಿತ್ತು. ಅದಾಗಿ ಮೂವತ್ತು ವರ್ಷ ಕಳೆಯುವುದರೊಳಗೆ, 1896ರಲ್ಲಿ, ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, 1974ರಲ್ಲಿ ಕಾವೇರಿಯ ನೀರು ಬಂದವು. ನಗರಕ್ಕೆ ಕೊಳವೆಯ ನೀರು ಸಿಕ್ಕಿದ್ದು ದೊಡ್ಡ ಉಪಕಾರವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಕುಡಿಯುವ ನೀರಿಗೂ ಕೆರೆಗೂ ಇದ್ದ ನಂಟು ಹರಿದ ದಿನದಿಂದ, ಆಡಳಿತದ ಕಣ್ಣಿಗೆ ಕೆರೆಯಂಗಳ ಖಾಲಿ ಸೈಟಿನಂತೆ ಕಾಣತೊಡಗಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದುದು ಹೀಗೆಯೇ.

ಆಗ್ನೇಯದ ಹಳ್ಳಿಗಳಿಗೆ ಈ ಸರದಿ ತಡವಾಗಿ ಬಂತು. 1978ರಲ್ಲಿ ಹೊಸೂರು ರಸ್ತೆಯಾಚೆ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಬಿದ್ದ ಮೇಲೆ ಈ ಕಡೆಯ ನೆಲದ ಬೆಲೆ ಏರತೊಡಗಿತು. ಕೋರಮಂಗಲದ ಬ್ಲಾಕುಗಳು ಬೆಳೆದವು. ಹೊಸೂರು ಮತ್ತು ಸರ್ಜಾಪುರ ರಸ್ತೆಗಳ ನಡುವೆ, ಅಗರದ ಹೊಲಗದ್ದೆಗಳ ಮೇಲೆ, 1980ರ ದಶಕದಲ್ಲಿ ಎಚ್‌.ಎಸ್‌.ಆರ್. ಬಡಾವಣೆ ರೂಪುಗೊಂಡಿತು. ಅನಂತರ ಹೊರವರ್ತುಲ ರಸ್ತೆ ಕೆರೆಯ ಪಕ್ಕದಲ್ಲಿಯೇ ಹಾಯ್ದುಹೋಯಿತು. ಅಚ್ಚುಕಟ್ಟು ನಿವೇಶನಗಳಾದ ಮೇಲೆ ತೂಬಿಗೆ ಕೆಲಸವಿಲ್ಲ, ತೂಬಿಗೆ ಕೆಲಸವಿಲ್ಲದ ಮೇಲೆ ನೀರುಗಂಟಿಗೂ ಇಲ್ಲ. ಹಳೆಯ ಅಗರದ ಬೀದಿಗಳು ಮಾತ್ರ ಬಡಾವಣೆಯ ನೇರ ಗೆರೆಗಳಿಗೆ ಒಗ್ಗದೆ, ಗುಡಿಯ ಸುತ್ತ ಬಳಸಿಕೊಂಡು ಇಂದಿಗೂ ಹಾಗೆಯೇ ಇವೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕೆರೆಯಲ್ಲಿಲ್ಲ, ಕಾಲುವೆಯಲ್ಲಿದೆ. ಕೆರೆಗಳನ್ನು ಒಡೆಯಬಾರದು, ಅವುಗಳಿಗೆ ಕೊಳಚೆ ಬಿಡಬಾರದು ಎಂದು ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯ ಸಮಿತಿ 1980ರ ದಶಕದಲ್ಲಿಯೇ ಶಿಫಾರಸು ಮಾಡಿದ್ದರಿಂದ ಎಷ್ಟೋ ಕೆರೆಗಳು ಉಳಿದುಕೊಂಡವು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುವ ರಾಜಕಾಲುವೆಗೆ ಅಷ್ಟು ಕಾವಲು ಸಿಗಲಿಲ್ಲ. ಅದು ಕಿರಿದಾಯಿತು, ಅದರ ಎರಡೂ ದಂಡೆಗಳಿಗೆ ಕಾಂಕ್ರೀಟು ಬಂತು, ಎಷ್ಟೋ ಕಡೆ ಅದರ ಮೇಲೆಯೇ ಕಟ್ಟಡಗಳು ಬಂದವು. ಹೊಲದ ಮಣ್ಣು ಹೀರಿಕೊಳ್ಳುತ್ತಿದ್ದ ಮಳೆ ಈಗ ತಾರಸಿ ಮತ್ತು ರಸ್ತೆಗಳಿಂದ ಒಮ್ಮೆಗೇ ಧುಮುಕಿ, ಹೋಗಬೇಕಾದ ದಾರಿ ಮುಚ್ಚಿರುವುದನ್ನು ಕಂಡು, ತನ್ನ ಹಳೆಯ ತಗ್ಗಿನಲ್ಲೇ ನಿಲ್ಲುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯಿಂದ ಹೊರವರ್ತುಲ ರಸ್ತೆಯವರೆಗೆ ಜನ ದೋಣಿಯಲ್ಲೂ ಟ್ರಾಕ್ಟರಿನಲ್ಲೂ ಮನೆಯಿಂದ ಹೊರಬರಬೇಕಾದದ್ದು ಇದರಿಂದಲೇ.

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ತಗ್ಗು ನೆಲದ ಕಥೆಯಂತೂ ದೇಶದ ಗಮನ ಸೆಳೆಯಿತು. ಅಲ್ಲಿ ಬೃಹತ್ ಕಟ್ಟಡಗಳಿಗೆ ಅನುಮತಿ ದೊರೆತಾಗ ನಾಗರಿಕರು ಹಸಿರು ನ್ಯಾಯಮಂಡಳಿಗೆ ಹೋದರು. 2016ರ ಮೇ ತಿಂಗಳಲ್ಲಿ ಮಂಡಳಿ, ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ದಂಡೆಯಿಂದ ಅವುಗಳ ದರ್ಜೆಗೆ ತಕ್ಕಂತೆ 50, 35 ಮತ್ತು 25 ಮೀಟರ್ ತೆರವಿರಬೇಕೆಂದು ಹೇಳಿತು. ನಗರದ ಮಹಾಯೋಜನೆಯಲ್ಲಿ ಕೆರೆಗಳಿಗೆ ಅದುವರೆಗೆ ಇದ್ದದ್ದು 30 ಮೀಟರ್. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮಹಾಯೋಜನೆಯ ಅಳತೆಯನ್ನು ಹೀಗೆ ಹೆಚ್ಚಿಸುವ ಅಧಿಕಾರ ಮಂಡಳಿಗಿಲ್ಲವೆಂದು ಆ ನಿರ್ದೇಶನವನ್ನು ರದ್ದುಮಾಡಿತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು. ಆದರೆ ನೆಲದ ದೃಷ್ಟಿಯಿಂದ, ಎರಡು ಕೆರೆಗಳ ನಡುವಿನ ಜೌಗಿಗೆ 30 ಮೀಟರ್ ಸಾಕೆಂದು ನಾನು ಒಪ್ಪಲಾರೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಹರಡಿಕೊಂಡು ನಿಧಾನವಾಗಿ ಕೆಳಗಿನ ಕೆರೆಗೆ ಇಳಿಯುತ್ತಿದ್ದುದು ಅಂತಹ ಜೌಗಿನಲ್ಲಿಯೇ.

ಪ್ರಶ್ನೆ: ಬೆಳ್ಳಂದೂರಿನಲ್ಲಿ ನೊರೆಯಾಗಿ ಹಾರುತ್ತಿದ್ದ ನೀರನ್ನೇ ನಮ್ಮ ಕೆರೆಗಳಿಗೆ ತುಂಬುತ್ತಿದ್ದಾರೆಯೇ? (ಕೋಲಾರದ ಓದುಗರು)

ಉತ್ತರ: ಅದೇ ಕಣಿವೆಯ ಕೊಳಚೆ ನೀರು ಹೌದು, ಆದರೆ ಕೆರೆಯಿಂದ ನೇರವಾಗಿ ಎತ್ತಿದ್ದಲ್ಲ, ಶುದ್ಧೀಕರಣ ಘಟಕಗಳಿಂದ ಬಂದದ್ದು. ಬೆಳ್ಳಂದೂರಿನಲ್ಲಿ ನೊರೆ ಏಳುತ್ತಿದ್ದುದು ಮುಖ್ಯವಾಗಿ ಶುದ್ಧೀಕರಿಸದ ಕೊಳಚೆ ಮತ್ತು ಅದರೊಂದಿಗೆ ಬರುವ ಸಾಬೂನು ಪುಡಿಗಳ ರಾಸಾಯನಿಕಗಳಿಂದ. 2015ರಲ್ಲೂ 2017ರ ಫೆಬ್ರುವರಿಯಲ್ಲೂ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ದಿನಕ್ಕೆ 44 ಕೋಟಿ ಲೀಟರ್ ಶುದ್ಧೀಕರಿಸಿದ ನೀರನ್ನು 126 ಕೆರೆಗಳಿಗೆ ಒಯ್ಯುವ ಗುರಿಯಿದ್ದು, 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಏರಿದ್ದನ್ನು ನಿಮ್ಮ ಭಾಗದ ರೈತರು ಹೇಳುತ್ತಾರೆ. ಅದು ಸಣ್ಣ ಮಾತಲ್ಲ. ಆದರೆ ಶುದ್ಧೀಕರಣ ಎರಡನೆಯ ಹಂತಕ್ಕೇ ನಿಂತಿದೆ, ಮೂರನೆಯ ಹಂತವೂ ಬೇಕು ಎಂಬ ವಿಜ್ಞಾನಿಗಳ ಒತ್ತಾಯ ನ್ಯಾಯವಾದದ್ದು. ಕೆರೆಯ ಪಕ್ಕದ ಬಾವಿಯ ನೀರನ್ನು ಕುಡಿಯಲು ಬಳಸುವವರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ನಿವೇಶನ ಕೊಳ್ಳಬೇಕೆಂದಿದ್ದೇನೆ. ಆ ಜಾಗ ಹಿಂದೆ ಕೆರೆಯೋ ಕಾಲುವೆಯೋ ಆಗಿತ್ತೇ ಎಂದು ತಿಳಿಯುವುದು ಹೇಗೆ? (ಜಯನಗರದ ಓದುಗರು)

ಉತ್ತರ: ಮಾರುವವರಿಂದ ಮೊದಲು ಮೂಲ ಸರ್ವೆ ನಂಬರ್ ಕೇಳಿ ಪಡೆಯಿರಿ. ಬಡಾವಣೆಯ ಸೈಟ್ ನಂಬರ್ ಸಾಲದು. ಕಂದಾಯ ಇಲಾಖೆಯ ಜಾಲತಾಣದಲ್ಲಿ ಆ ಊರಿನ ಗ್ರಾಮ ನಕ್ಷೆ ಸಿಗುತ್ತದೆ. ಅದರಲ್ಲಿ ಕೆರೆ, ಹಳ್ಳ, ಗುಂಡುತೋಪು ಮತ್ತು ಬಂಡಿದಾರಿಗಳನ್ನು ಗುರುತಿಸಿರುತ್ತಾರೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಅನ್ನು ಮೊಬೈಲಿನಲ್ಲಿ ಹಾಕಿಕೊಂಡು ಜಾಗದಲ್ಲಿಯೇ ನಿಂತು ನೋಡಿದರೆ, ನೀವು ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರೆಂಬುದು ತಿಳಿಯುತ್ತದೆ. ಅಷ್ಟಕ್ಕೇ ಸುಮ್ಮನಾಗದೆ ಪಹಣಿಯನ್ನೂ, ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆಯಾದ ಆಕಾರಬಂದ್ ಅನ್ನೂ ತೆಗೆಸಿ, ಖರಾಬು (ಸಾಗುವಳಿಗೆ ಸೇರದ ನೆಲ) ಎಷ್ಟಿದೆ, ಅದು ‘ಅ’ ಖರಾಬೋ ‘ಬ’ ಖರಾಬೋ ಎಂದು ನೋಡಿ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂತಹ ಸಾರ್ವಜನಿಕ ಬಳಕೆಗೆ ಮೀಸಲಾದ ನೆಲ. ಖಾತಾ ಇದೆ, ಬ್ಯಾಂಕ್ ಸಾಲ ಕೊಡುತ್ತದೆ ಎಂಬ ಮಾತುಗಳು ಈ ವಿಷಯದಲ್ಲಿ ಭರವಸೆಯಾಗಲಾರವು. ನಕ್ಷೆಯಲ್ಲಿ ಹಳ್ಳದ ಗೆರೆ ನಿಮ್ಮ ನಿವೇಶನದ ಬಳಿಯೇ ಹಾಯ್ದಿದ್ದರೆ, ಮುಂಗಡ ಹಣ ಕೊಡುವ ಮೊದಲೇ ತಾಲ್ಲೂಕಿನ ಸರ್ವೆ ಕಚೇರಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ. ಕಾಲುವೆಯ ಅಂಚು ಎಲ್ಲಿದೆ, ಅಲ್ಲಿಂದ ಎಷ್ಟು ಮೀಟರ್ ಬಿಡಬೇಕು ಎಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಿ.